ಗಾಜಿನ ಗೂಡಿನೊಳಗಿನ ಧೂಳು

ಬಜಪೆಯವರಾದ ನಮಗೆ ಧೂಳು ಹೊಸತಲ್ಲ. 1951ರಲ್ಲಿ ಇಲ್ಲಿಯ ಗುಡ್ಡದ ಮೇಲೆ ವಿಮಾನ ನಿಲ್ದಾಣವಾಯಿತು. 2006ರಲ್ಲಿ 2450 ಮೀಟರು ಉದ್ದದ ಎರಡನೆಯ ಓಡುದಾರಿ ತೆರೆಯಿತು. ಗುಡ್ಡವನ್ನು ತಗ್ಗಿಸಿ ಕಣಿವೆಯನ್ನು ತುಂಬಿಸದೆ ನಮ್ಮ ಕಡೆ ಚಪ್ಪಟೆ ನೆಲವೆಂಬುದು ಸಿಕ್ಕುವುದು ಅಪರೂಪ. ಹಾಗೆ ಗುಡ್ಡ ಕಡಿಯುವ ಯಂತ್ರವನ್ನು ನಡೆಸುವವರಲ್ಲಿ ನನ್ನ ಸೋದರಮಾವನೂ ಒಬ್ಬರು. ಅವರ ಬೈರಾಸು ಒಗೆದ ನೀರು ದಿನವೂ ಕೆಂಪಾಗುವುದು. ಎರಡು ವರ್ಷಗಳಿಂದ ಅವರಿಗೆ ಒಣಕೆಮ್ಮು. ಆ ನಿಮಿತ್ತ ನಾನು ಓದಿ ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ತಪ್ಪಿದ್ದರೆ ಅಧ್ಯಾಪಕರು ತಿದ್ದಬೇಕು.

ಕಣ್ಣಿಗೆ ಕಾಣುವ ಕೆಂಪು ಧೂಳಿಗೆ ನಾವು ಹೆದರುತ್ತೇವೆ. ಅದರ ದೊಡ್ಡ ಕಣಗಳನ್ನು ಮೂಗು, ಗಂಟಲುಗಳೇ ಹಿಡಿದು ಹೊರಹಾಕುತ್ತವೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂಥ ನಾಲ್ಕು ಪಾಲಿಗಿಂತ ಸಣ್ಣದಾದ ಕಣ ಮಾತ್ರ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಇಳಿಯಬಲ್ಲದು. ಅದು ಬರಿಗಣ್ಣಿಗೆ ಕಾಣದು. ಕಲ್ಲಿನ ಜಾತಿಯೂ ಮುಖ್ಯ. ನಮ್ಮ ಮುರಕಲ್ಲು ಹೆಚ್ಚಾಗಿ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳಿಂದಾದದ್ದು. ಅದರಡಿಯ ಕರಿಕಲ್ಲಿನ ಸಂಗತಿ ಬೇರೆ. ಗ್ರಾನೈಟಿನಲ್ಲಿ 100ಕ್ಕೆ 20 ಪಾಲಿಗೆ ಕಡಿಮೆಯಿಲ್ಲದಂತೆ ಬೆಣಚು, ಅಂದರೆ ಹರಳು ರೂಪದ ಸಿಲಿಕ, ಇರುತ್ತದೆ. ಇದರ ಕಣವನ್ನು ನುಂಗಹೋದ ರಕ್ಷಕ ಜೀವಕೋಶವೇ ಸಾಯುತ್ತದೆ. ಕಣ ಉಳಿಯುತ್ತದೆ, ಸುತ್ತಲೂ ಗಾಯದ ಕಲೆ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಮದ್ದಿಲ್ಲ, ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಕ್ಷಯಕ್ಕೂ ಬಾಗಿಲು ತೆರೆದಿಡುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ ಪರೀಕ್ಷಿಸಲಾದ 7653 ಕೆಲಸಗಾರರಲ್ಲಿ 100ಕ್ಕೆ 43.7 ಮಂದಿಗೆ ಈ ರೋಗವಿತ್ತು.

ಗಣಿಯವನಿಗೆ ಇಲ್ಲದ ಒಂದು ಅನುಕೂಲ ಜೇಸೀಬಿ ನಡೆಸುವವನಿಗಿದೆ: ಗಾಜಿನ ಗೂಡು. ಆದರೆ ಗಾಜು ತಾನಾಗಿಯೇ ಯಾರನ್ನೂ ಕಾಯದು. ಒಳ್ಳೆಯ ಕ್ಯಾಬಿನಿನಲ್ಲಿ ಫ್ಯಾನು ಹೊರಗಿನ ಗಾಳಿಯನ್ನು ಫಿಲ್ಟರಿನ ಮೂಲಕ ಸೋಸಿ ಒಳತರುತ್ತದೆ. ಆಗ ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಾಗಿ, ಸಂದುಗಳಲ್ಲಿ ಗಾಳಿ ಹೊರಗೆ ನುಸುಳುವುದಲ್ಲದೆ ಒಳಗೆ ನುಗ್ಗದು. ಬಾಗಿಲಿನ ರಬ್ಬರು ಪಟ್ಟಿ ಹರಿದರೆ, ಫಿಲ್ಟರು ಕಟ್ಟಿದರೆ, ಅಥವಾ ತಂಪು ಬೇಗ ಬರಲೆಂದು ಒಳಗಿನ ಗಾಳಿಯನ್ನೇ ತಿರುಗಿಸುತ್ತಿದ್ದರೆ, ಈ ಒತ್ತಡ ಉಳಿಯದು. ಬೂಟಿನಲ್ಲಿ ಬಂದ ಮಣ್ಣು ಒಣಗಿ ಫ್ಯಾನಿನ ಗಾಳಿಗೆ ಮತ್ತೆ ಏಳುವುದೂ ಉಂಟು. ಅದನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ಕಂಪ್ರೆಸರಿನಿಂದ ಊದಿ ಚೊಕ್ಕಟ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ಊದದಿರುವುದೇ ಲೇಸು.

ಇಷ್ಟನ್ನು ಮಾವನಿಗೆ ಹೇಳಿದೆ. ಅವರು ನಕ್ಕರು. ಅವರ ಯಂತ್ರದ ಏಸಿ ಕೆಟ್ಟು ಎರಡು ಬೇಸಗೆಯಾಗಿತ್ತು! ನಮ್ಮ ಕರಾವಳಿಯ ಬೆವರಿನಲ್ಲಿ, ಇಂಜಿನಿನ ಬಿಸಿಯ ಪಕ್ಕದಲ್ಲಿ, ಗಾಜು ಮುಚ್ಚಿ ಕೂರುವುದು ಹೇಗೆ? ಕೆಳಗೆ ನಿಂತು ಸನ್ನೆ ಮಾಡುವ ಹುಡುಗನ ಕೂಗೂ ಕೇಳಬೇಕು. ಬಕೆಟ್ಟಿನ ಹಲ್ಲು ಮುರಿದರೆ ಅಗೆತ ನಿಲ್ಲುತ್ತದೆ, ಆದ್ದರಿಂದ ಯಜಮಾನರು ಅಂದೇ ಹಾಕಿಸುತ್ತಾರೆ. ಏಸಿ ಕೆಟ್ಟರೆ ಅಗೆತ ನಿಲ್ಲುವುದಿಲ್ಲವಷ್ಟೆ. ಇದನ್ನು ಕೇಳಿದ ಮೇಲೆ ಚಾಲಕರ ಅಜ್ಞಾನವೆಂದು ಬರೆಯಹೊರಟಿದ್ದ ಒಂದು ಪುಟವನ್ನು ಹರಿದುಹಾಕಿದೆ.

ಮುಖಕ್ಕೆ ಸುತ್ತಿದ ಬೈರಾಸು ದಪ್ಪ ಧೂಳನ್ನು ತಡೆಯುತ್ತದೆ, ಕೊಲ್ಲುವ ಧೂಳನ್ನಲ್ಲ. ಎನ್-95 ಮುಖಗವಸು ಮೂಗಿಗೆ ಬಿಗಿಯಾಗಿ ಕೂತರೆ ತಡೆಯಬಲ್ಲದು, ಗಡ್ಡವಿದ್ದಲ್ಲಿ ಸಂದು ಬಿಡುತ್ತದೆ. ಎಲ್ಲಕ್ಕಿಂತ ಮೇಲು, ಧೂಳು ಏಳದಂತೆ ಮಾಡುವುದು. ಬಂಡೆ ಒಡೆಯುವ ಉಳಿಯ ತುದಿಗೇ ನೀರು ಚಿಮುಕಿಸಬೇಕು, ಲಾರಿ ಓಡುವ ದಾರಿಯನ್ನು ತೇವವಾಗಿಡಬೇಕು. ಇದರಿಂದ ಆ ಸನ್ನೆಯ ಹುಡುಗನಿಗೂ ಉಪಕಾರ. ಅವನಿಗೆ ಗಾಜಿನ ಗೂಡೂ ಇಲ್ಲ.

ಕಳೆದ ತಿಂಗಳು ಏಸಿ ರಿಪೇರಿಯಾಯಿತು. ಅದಕ್ಕೆ ಮಾವ ಮೂರು ದಿನ ಕೆಲಸಕ್ಕೆ ಹೋಗದೆ ಕೂರಬೇಕಾಯಿತು. ಬಾಗಿಲಿನ ರಬ್ಬರು ಪಟ್ಟಿಯನ್ನು ತಾವೇ ಕೊಂಡು ತಂದರು. ಎದೆಯ ಎಕ್ಸರೇ ಮಾತ್ರ ಇನ್ನೂ ಆಗಿಲ್ಲ. ಮಳೆ ಹಿಡಿದು ಕೆಲಸ ನಿಂತ ಮೇಲೆ ತೆಗೆಸುತ್ತೇನೆ ಎನ್ನುತ್ತಾರೆ.