ಜಿಲ್ಲೆ ಸರಾಸರಿಯಲ್ಲಿ ನಮ್ಮ ತಾಲೂಕು ಎಲ್ಲೈತಿ?

ಅಕ್ಕಲಕೋಟ: ‘ಸೊಲ್ಲಾಪುರ ಮುಂದೋ, ವಿಜಯಪುರ ಮುಂದೋ?’ ಗಡಿ ಹಳ್ಳಿಗಳ ಕಟ್ಟೆಯ ಮೇಲೆ ಈ ವಾದ ಮುಗಿಯುವುದಿಲ್ಲ. 2011ರ ಜನಗಣತಿ ಇಬ್ಬರಿಗೂ ಒಂದೊಂದು ಉತ್ತರ ಕೊಡುತ್ತದೆ. ಸಾಕ್ಷರತೆಯಲ್ಲಿ ಸೊಲ್ಲಾಪುರ ಜಿಲ್ಲೆ ಶೇ. 77, ವಿಜಯಪುರ ಶೇ. 67. ಆದರೆ ಸಾವಿರ ಗಂಡಸರಿಗೆ ಹೆಂಗಸರು ಸೊಲ್ಲಾಪುರದಲ್ಲಿ 938, ವಿಜಯಪುರದಲ್ಲಿ 960.

ಜಿಲ್ಲೆಯ ಸರಾಸರಿಯೂ ಪೂರ್ತಿ ಮಾತು ಹೇಳದು. ಸೊಲ್ಲಾಪುರದ ಲೆಕ್ಕದಲ್ಲಿ ಒಂಬತ್ತೂವರೆ ಲಕ್ಷ ಜನರ ಶಹರವಿದೆ, ಉಜನಿ ನೀರುಂಡ ಪಂಢರಪುರದ ಕಬ್ಬಿದೆ, ಮಳೆ ನಂಬಿದ ಅಕ್ಕಲಕೋಟದ ತೊಗರಿಯೂ ಇದೆ. ಸಾಂಗಲಿಯ ಶೇ. 81 ಸಾಕ್ಷರತೆಯಲ್ಲಿ ಕೃಷ್ಣಾ ದಂಡೆಯ ಊರುಗಳೂ ಬರಗಾಲದ ಜತ್ತವೂ ಒಂದೇ. ‘ಸರಾಸರಿಯಿಂದ ಹೊಟ್ಟಿ ತುಂಬತೈತೇನ್ರಿ?’ ಎಂದರೆ ಉತ್ತರವಿಲ್ಲ. ಹೋಲಿಸುವುದಿದ್ದರೆ ಅಕ್ಕಲಕೋಟವನ್ನು ಇಂಡಿ, ಆಳಂದ ತಾಲೂಕಿನ ಜೊತೆ ಹೋಲಿಸಬೇಕು.

ಇನ್ನೊಂದು ಅಂಕಿ ಮನೆಗೇ ಸಂಬಂಧಿಸಿದ್ದು. ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆ ಎಂದು ಲೆಕ್ಕಕ್ಕೆ ಬಂದವರು 2001ರಲ್ಲಿ ಸುಮಾರು ಹನ್ನೆರಡೂವರೆ ಲಕ್ಷ, 2011ರಲ್ಲಿ ಸುಮಾರು ಹತ್ತು ಲಕ್ಷ. ಎಲ್ಲರೂ ಊರು ಬಿಟ್ಟು ಹೋದರೋ, ಮಾತು ಬಿಟ್ಟರೋ, ಶಾಲೆಯ ಮರಾಠಿಯನ್ನೇ ಬರೆಸಿದರೋ ಎಂಬುದನ್ನು ಅಂಕಿ ಹೇಳುವುದಿಲ್ಲ. 2011ರ ಫಾರ್ಮಿನಲ್ಲಿ ಮಾತೃಭಾಷೆಗೆ ಒಂದು ಕಾಲಂ, ಗೊತ್ತಿರುವ ಬೇರೆ ಭಾಷೆಗಳಿಗೆ ಇನ್ನೊಂದು ಇತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರಿಗೆ ಎರಡಕ್ಕೂ ಜಾಗವಿತ್ತು. 2027ರ ಜನಗಣತಿಗೂ ಈ ಮಾತು ನೆನಪಿರಲಿ: ಮನೆಮಾತು ಯಾವುದೋ ಅದನ್ನೇ ಬರೆಸಿರಿ. ಲೆಕ್ಕಕ್ಕೆ ಬಾರದ ಮಾತಿಗೆ ಶಾಲೆ ಕೇಳುವುದು ಕಷ್ಟ.