ಸಿ ಕಾಲ್‌ಬ್ಯಾಕ್ ಒಳಗೆ ಸೆಲ್ಫ್ ಸಿಗುವ ಬಗೆ

ತಪ್ಪು ಕಲ್ಪನೆ: ಸ್ವಿಫ್ಟ್ ಕ್ಲಾಸಿನೊಳಗೆ ಸಿ ಕಾಲ್‌ಬ್ಯಾಕ್ ಬರೆಯಲು ಬರುವುದಿಲ್ಲ, ಹೊರಗೊಂದು ಗ್ಲೋಬಲ್ ಫಂಕ್ಷನ್ ಇರಲೇಬೇಕು.

ಸತ್ಯ: 2015ರಲ್ಲಿ ಸ್ವಿಫ್ಟ್ 2 ಬಂದಾಗಿನಿಂದಲೂ ಅಂಥ ಕಟ್ಟುಪಾಡಿಲ್ಲ. ಮೆಥಡ್ ಒಳಗೇ ಕ್ಲೋಶರ್ ಬರೆದು ಸಿ ಫಂಕ್ಷನ್‌ಗೆ ಕೊಡಬಹುದು. ಆದರೆ ಆ ಕ್ಲೋಶರ್ ಸುತ್ತಲಿನ ಲೋಕಲ್ ವೇರಿಯಬಲ್‌ಗಳನ್ನಾಗಲಿ ಸೆಲ್ಫ್ ಅನ್ನಾಗಲಿ ಕ್ಯಾಪ್ಚರ್ ಮಾಡಬಾರದು. ಸಿ ಫಂಕ್ಷನ್ ಪಾಯಿಂಟರ್ ಎಂದರೆ ಕೋಡ್ ಇರುವ ಜಾಗದ ವಿಳಾಸ, ಅಷ್ಟೇ. ಸ್ವಿಫ್ಟ್ ಕ್ಲೋಶರ್ ಕೋಡಿನ ಜೊತೆ ಕ್ಯಾಪ್ಚರ್ ಮಾಡಿದ ಡೇಟಾವನ್ನೂ ಹೊತ್ತಿರುತ್ತದೆ. ಅದನ್ನಿಡಲು ಆ ಪಾಯಿಂಟರಿನಲ್ಲಿ ಜಾಗವಿಲ್ಲ.

ತಪ್ಪು ಕಲ್ಪನೆ: ವೀಕ್ ಸೆಲ್ಫ್ ಹಾಕಿದರೆ ಸರಿಹೋಗುತ್ತದೆ.

ಸತ್ಯ: ವೀಕ್ ಆದರೂ ಅದು ಕ್ಯಾಪ್ಚರ್ ಆಗಿಯೇ ಉಳಿಯುತ್ತದೆ. ಕಂಪೈಲರ್ ಅದನ್ನೂ ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಸೆಲ್ಫ್ ಅನ್ನು ಪಾಯಿಂಟರ್ ಮಾಡಿ ಕಳಿಸಿದರೆ ಆಬ್ಜೆಕ್ಟ್ ತಾನಾಗಿ ಉಳಿದುಕೊಳ್ಳುತ್ತದೆ.

ಸತ್ಯ: ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದೇ, ಏಕೆಂದರೆ ಇಲ್ಲಿ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಮ್ಯಾಕ್‌ನ ಎಫ್‌ಎಸ್‌ಈವೆಂಟ್ಸ್ ನೋಡಿ. ಫೋಲ್ಡರಿನಲ್ಲಿ ಏನಾದರೂ ಬದಲಾದರೆ ಅದು ನಮ್ಮ ಕಾಲ್‌ಬ್ಯಾಕ್ ಕರೆಯುತ್ತದೆ. ಅದರ ಕಾಂಟೆಕ್ಸ್ಟ್ ಸ್ಟ್ರಕ್ಟಿನಲ್ಲಿ ಇನ್ಫೋ ಎಂಬ ಖಾಲಿ ಜಾಗವೊಂದಿದೆ. ಅನ್‌ಮ್ಯಾನೇಜ್ಡ್‌ನ ಪಾಸ್‌ಅನ್‌ರಿಟೇನ್ಡ್ ಬಳಸಿ ಸೆಲ್ಫ್ ಅನ್ನು ಅಲ್ಲಿಡುತ್ತೇವೆ. ಕಾಲ್‌ಬ್ಯಾಕ್‌ನಲ್ಲಿ ಅದೇ ಪಾಯಿಂಟರನ್ನು ಫ್ರಮ್‌ಒಪೇಕ್ ಮೂಲಕ ಮತ್ತೆ ಆಬ್ಜೆಕ್ಟ್ ಮಾಡಿಕೊಂಡು ಬೇಕಾದ ಮೆಥಡ್ ಕರೆಯುತ್ತೇವೆ.

ಪಾಸ್‌ಅನ್‌ರಿಟೇನ್ಡ್ ರೆಫರೆನ್ಸ್ ಎಣಿಕೆಯನ್ನು ಏರಿಸುವುದಿಲ್ಲ. ಬಳಕೆದಾರ ವಿಂಡೋ ಮುಚ್ಚಿದ, ಆಬ್ಜೆಕ್ಟ್ ಅಳಿಯಿತು, ಸ್ಟ್ರೀಮ್ ಮಾತ್ರ ಓಡುತ್ತಲೇ ಇದೆ ಎಂದುಕೊಳ್ಳಿ. ಮುಂದಿನ ಫೈಲ್ ಸೇವ್ ಆದ ಕೂಡಲೇ ಕಾಲ್‌ಬ್ಯಾಕ್ ಹಳೆಯ ವಿಳಾಸಕ್ಕೇ ಹೋಗುತ್ತದೆ; ವೀಕ್ ರೆಫರೆನ್ಸಿನಂತೆ ಅದು ನಿಲ್ ಆಗುವುದಿಲ್ಲ. ಆ ಮೆಮೊರಿಯನ್ನು ಬೇರೇನೂ ಆಕ್ರಮಿಸದಿದ್ದರೆ ನಮ್ಮ ಮೇಜಿನ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕ್ರ್ಯಾಶ್ ಆಗುವುದು ಬಳಕೆದಾರರ ಯಂತ್ರದಲ್ಲಿ.

ಪಾಸ್‌ರಿಟೇನ್ಡ್ ಬಳಸಿದರೆ ಆಬ್ಜೆಕ್ಟ್ ಉಳಿಯುತ್ತದೆ, ನಿಜ. ಆದರೆ ಕಾಲ್‌ಬ್ಯಾಕ್‌ನಲ್ಲಿ ಟೇಕ್‌ರಿಟೇನ್ಡ್‌ವ್ಯಾಲ್ಯೂ ಬರೆದರೆ ಪ್ರತಿ ಸಲವೂ ಒಂದೊಂದು ಎಣಿಕೆ ಇಳಿಯುತ್ತದೆ. ಒಮ್ಮೆ ಮಾತ್ರ ಬರುವ ಕಾಲ್‌ಬ್ಯಾಕ್‌ಗೆ ಅದು ಸರಿ, ಪದೇ ಪದೇ ಬರುವಂಥದ್ದಕ್ಕೆ ಮಾರಕ. ಎಫ್‌ಎಸ್‌ಈವೆಂಟ್ಸ್ ಕಾಂಟೆಕ್ಸ್ಟಿನಲ್ಲಿ ರಿಟೇನ್, ರಿಲೀಸ್ ಎಂಬ ಎರಡು ಫಂಕ್ಷನ್‌ಗಳಿಗೂ ಜಾಗ ಇಟ್ಟಿದ್ದಾರೆ. ಅವನ್ನು ತುಂಬಿ; ಸ್ಟ್ರೀಮ್ ತಾನಿರುವವರೆಗೆ ಆಬ್ಜೆಕ್ಟನ್ನು ಹಿಡಿದಿಟ್ಟುಕೊಂಡು ಕೊನೆಗೆ ಬಿಡುತ್ತದೆ. ಹೀಗೆ ಮಾಡಿದ ಮೇಲೆ ಸ್ಟ್ರೀಮ್ ನಿಲ್ಲಿಸುವ ಕೆಲಸವನ್ನು ಡಿ-ಇನಿಟ್‌ಗೆ ಬಿಡಬೇಡಿ, ಅದಕ್ಕೆ ಸರದಿಯೇ ಬರುವುದಿಲ್ಲ. ಬೇರೊಂದು ಮೆಥಡ್‌ನಲ್ಲಿ ಸ್ಟಾಪ್, ಇನ್‌ವ್ಯಾಲಿಡೇಟ್, ರಿಲೀಸ್ ಎಂದು ಈ ಕ್ರಮದಲ್ಲೇ ಕರೆಯಿರಿ.

ಎಲ್ಲ ಸಿ ಫಂಕ್ಷನ್‌ಗಳಲ್ಲೂ ಇನ್ಫೋದಂಥ ಖಾಲಿ ಜಾಗ ಇರುವುದಿಲ್ಲ. ಕ್ಯೂಸಾರ್ಟ್‌ನಲ್ಲಿ ಇಲ್ಲ, ಅಲ್ಲಿ ಗ್ಲೋಬಲ್ ಅಥವಾ ಸ್ಟ್ಯಾಟಿಕ್ ಡೇಟಾವೇ ಗತಿ.

ತಪ್ಪು ಕಲ್ಪನೆ: ಕಾಲ್‌ಬ್ಯಾಕ್ ಮೇನ್ ಥ್ರೆಡ್‌ನಲ್ಲೇ ಬರುತ್ತದೆ.

ಸತ್ಯ: ಅದು ಲೈಬ್ರರಿಯನ್ನು ಅವಲಂಬಿಸಿದೆ. ಎಫ್‌ಎಸ್‌ಈವೆಂಟ್ಸ್‌ಗೆ ಹಿನ್ನೆಲೆಯ ಕ್ಯೂ ಕೊಟ್ಟಿದ್ದರೆ ಪರದೆಯ ಬದಲಾವಣೆಯನ್ನು ಮೇನ್ ಕ್ಯೂಗೆ ಕಳಿಸಬೇಕು. ಕೋರ್ ಆಡಿಯೋದ ರೆಂಡರ್ ಕಾಲ್‌ಬ್ಯಾಕ್ ರಿಯಲ್‌ಟೈಮ್ ಥ್ರೆಡ್‌ನಲ್ಲಿ ಬರುತ್ತದೆ. ಅಲ್ಲಿ ಲಾಕ್‌ಗಾಗಿ ಕಾಯುವುದಾಗಲಿ ಹೊಸ ಮೆಮೊರಿ ಪಡೆಯುವುದಾಗಲಿ ಕೂಡದು, ಒಂದಿಷ್ಟು ತಡವಾದರೂ ಧ್ವನಿ ಕಡಿದುಹೋಗುತ್ತದೆ.