ಬೋರ್ಡೋ ವಿಡಿಯೋಗೆ ಲೈಕ್ ಕಾಣುತ್ತೆ, ಡಿಸ್‌ಲೈಕ್ ಎಲ್ಲಿ?

ಸಾಗರ: ಮಳೆ ಹಿಡಿದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಬೋರ್ಡೋ ದ್ರಾವಣ ಮಾಡೋದನ್ನು ಯೂಟ್ಯೂಬ್‌ನಲ್ಲಿ ನೋಡಿ ಕಲಿಯೋರೂ ಇದ್ದಾರೆ. ಆದರೆ ಅಲ್ಲಿ ಕಾಣೋದು ಲೈಕ್ ಲೆಕ್ಕ ಮಾತ್ರ. ಡಿಸ್‌ಲೈಕ್ ಸಂಖ್ಯೆಯನ್ನು 2021ರ ನವೆಂಬರ್‌ನಲ್ಲಿ ಕಂಪನಿ ಮರೆಮಾಡಿತು. ಈಗದು ಚಾನೆಲ್‌ನವರಿಗಷ್ಟೇ ಗೊತ್ತಾಗುತ್ತದೆ. ಗುಂಪಾಗಿ ಡಿಸ್‌ಲೈಕ್ ಒತ್ತಿ ಸಣ್ಣ ಚಾನೆಲ್‌ಗಳಿಗೆ ಕಾಟ ಕೊಡ್ತಾರೆ ಅನ್ನೋದು ಅದು ಕೊಟ್ಟ ಕಾರಣ. ಇರಬಹುದು. ಆದರೆ 500 ಲೈಕ್ ಪಕ್ಕದಲ್ಲಿ 20 ಡಿಸ್‌ಲೈಕ್ ಇರೋದಕ್ಕೂ 2,000 ಇರೋದಕ್ಕೂ ಅಜಗಜಾಂತರ. ಔಷಧಿ ಹೊಡೆಯೋ ಮೊದಲೇ ಸಿಗುತ್ತಿದ್ದ ಎಚ್ಚರಿಕೆ ಅದು.

ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, ಮೈಲುತುತ್ತು ಮತ್ತು ಸುಣ್ಣ ತಲಾ 1 ಕೆ.ಜಿ. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲಲಿಲ್ಲ ಅಂತಲೇ. ವಿಡಿಯೋದವರು ಬೇರೆ ಅಳತೆ ಹೇಳಿದರೆ ಕೆಳಗಿನ ಕಾಮೆಂಟ್ ಓದಿ, ತೋಟಗಾರಿಕೆ ಇಲಾಖೆಯಲ್ಲೂ ಒಮ್ಮೆ ಕೇಳಿಕೊಳ್ಳಿ.